ಪೆಟ್ಟಿಗೆಯ ರಹದಾರಿ

ಅಳಿವಿನಂಚಿಗೆ ಸರಿದ ಪ್ರಾಣಿಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದವು ಜಾರಿಗೆ ಬಂದು ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ ಅದರ ಚರಿತ್ರೆಯನ್ನು ಬರೆದುಕೊಡಬೇಕೆಂದು ಈ ಸಂಚಿಕೆಯ ಸಂಪಾದಕರು ಕೇಳಿದಾಗ, ಜಿನೀವಾ ನಗರದಲ್ಲಿ ಕಾರ್ಯಾಲಯವಿಟ್ಟುಕೊಂಡಿರುವ ಒಂದು ಸಂಸ್ಥೆಗೂ ಮೂಗೂರಿನ ಜಗಲಿಯ ಮೇಲೆ ಕುಳಿತ ನನಗೂ ಎಲ್ಲಿಯ ನಂಟು ಎಂದು ಮೊದಲು ನಗು ಬಂದಿತು. ನಮ್ಮೂರಿನ ಹೆಸರನ್ನು ಹೊರಗಿನವರು ಕೇಳಿರುವುದು ತ್ರಿಪುರಸುಂದರಿಯ ಜಾತ್ರೆಯಿಂದ, ಇಲ್ಲವೆ ಜೇಜಮ್ಮನಂಥವರು ಬೆಳಗಿಸಿದ ನಾಟ್ಯಸಂಪ್ರದಾಯದಿಂದ. ಅಂತಾರಾಷ್ಟ್ರೀಯ ಒಪ್ಪಂದಗಳ ಪ್ರಸ್ತಾಪದಲ್ಲಿ ಅದು ಬಂದುದನ್ನು ನಾನಂತೂ ಕಾಣೆ. ಆದರೆ ಇಲ್ಲವೆಂದು ಬರೆಯಲು ಹೊರಟ ಕೈಯನ್ನು ದೇವರಮನೆಯ ಗೂಡಿನಲ್ಲಿರುವ ಒಂದು ಪೆಟ್ಟಿಗೆಯ ನೆನಪು ತಡೆಯಿತು.

ಅದು ನನ್ನ ಅಜ್ಜಿಯ ಕುಂಕುಮದ ಪೆಟ್ಟಿಗೆ. ಗೇಣುದ್ದ, ನಾಲ್ಕು ಬೆರಳೆತ್ತರ, ಬೀಟೆಮರದ್ದು. ಮುಚ್ಚಳದ ನಡುವೆ ಎಂಟು ದಳಗಳ ಒಂದು ತಾವರೆ, ದಂತದ್ದು. ಹೊಸದರಲ್ಲಿ ಹಾಲಿನಂತೆ ಬೆಳ್ಳಗಿದ್ದಿರಬೇಕಾದ ಆ ದಂತಕ್ಕೆ ಈಗ ಹಳೆಯ ತುಪ್ಪದ ಬಣ್ಣ ಬಂದಿದೆ. ಒಂದು ದಳ ಯಾವ ಕಾಲದಲ್ಲೋ ಉದುರಿಹೋಗಿ, ಆ ಗುಳಿಯಲ್ಲಿ ಯಾರೋ ಅರಗು ಕರಗಿಸಿ ತುಂಬಿದ್ದಾರೆ. ಮುಚ್ಚಳ ತೆರೆದರೆ ಒಳಮೂಲೆಗಳಲ್ಲಿ ಕುಂಕುಮದ ಕೆಂಪು ಇನ್ನೂ ಮರದ ರೇಖೆಗಳೊಳಗೆ ಇಳಿದು ನಿಂತಿದೆ. ಅಜ್ಜಿಗೆ ಅದು ಮದುವೆಯಲ್ಲಿ ಮೈಸೂರಿನಿಂದ ಬಂದದ್ದು.

ಅಮೆರಿಕದಲ್ಲಿ ನೆಲೆಸಿರುವ ನನ್ನ ತಮ್ಮನ ಮಗ ಜಾತ್ರೆಗೆಂದು ಬಂದವನು ಒಂದು ದಿನ ಅದನ್ನು ಕೈಯಲ್ಲಿ ಹಿಡಿದುಕೊಂಡು, “ದೊಡ್ಡಪ್ಪ, ಇದನ್ನ ನಾನು ತಗೊಂಡು ಹೋಗ್ಲಾ? ಮುತ್ತಜ್ಜಿದು ಅಂತ ನಮ್ಮನೇಲೂ ಒಂದು ಇರ್ಲಿ” ಎಂದು ಕೇಳಿದ. “ಕೊಡೋಕೆ ನನಗೇನೂ ಅಡ್ಡಿಯಿಲ್ಲ ಕಣಪ್ಪ. ಅದಕ್ಕೆ ಹೋಗೋಕೆ ದಾರಿಯಿಲ್ಲ” ಎಂದೆ. ಅವನಿಗೆ ಅದು ಮುದುಕನ ಜಿಪುಣತನವೆಂದು ತೋರಿರಬೇಕು. ಆ ಸಂಜೆ ಜಗಲಿಯ ಮೇಲೆ ಅವನಿಗೆ ಹೇಳಿದ ಕಥೆಯನ್ನೇ ಕೊಂಚ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಸೈಟಿಸ್ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾಗಿರುವ ಈ ಒಪ್ಪಂದವನ್ನು ನಿಷೇಧದ ಶಾಸನವೆಂದು ಭಾವಿಸುವವರೇ ಹೆಚ್ಚು. ವಾಸ್ತವದಲ್ಲಿ ಅದು ರಹದಾರಿಯ ಪದ್ಧತಿ. ವಸ್ತುವೊಂದು ಎಲ್ಲಿಂದ ಹೊರಟಿತು, ನ್ಯಾಯವಾಗಿ ದೊರೆತದ್ದೇ, ಅದನ್ನು ತೆಗೆದುದರಿಂದ ಕಾಡಿನಲ್ಲಿ ಉಳಿದ ಅದರ ಕುಲಕ್ಕೆ ಕೇಡಾಗಲಿಲ್ಲವೆ ಎಂಬುದನ್ನು ಬಲ್ಲ ಅಧಿಕಾರಿಯೊಬ್ಬನು ರುಜು ಹಾಕಿ ಹೇಳಿದ ಕಾಗದವು ಆ ವಸ್ತುವಿನೊಡನೆಯೇ ಗಡಿ ದಾಟಬೇಕೆಂಬುದು ಅದರ ತಿರುಳು. ಮೈಸೂರು ಸೀಮೆಯವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದಂದಿನಿಂದ, 1900ರ ಮೈಸೂರು ಅರಣ್ಯ ರೆಗ್ಯುಲೇಷನ್ನಿನ ಮೂಲಕ ಹಾದು, ನಮ್ಮ ತಲೆಮಾರಿನವರೆಗೂ ಗಂಧದ ತುಂಡೊಂದು ರಹದಾರಿಯಿಲ್ಲದೆ ಊರ ಗಡಿ ದಾಟುವಂತಿರಲಿಲ್ಲ. ಬೀಟೆಯ ಪಾಡೂ ಬಹುಮಟ್ಟಿಗೆ ಅದೇ. ಈ ಪದ್ಧತಿಯ ಗುಣವನ್ನೂ ದೋಷವನ್ನೂ ನಾವು ಜಗತ್ತಿಗಿಂತ ಮುಂಚೆ ಕಂಡವರು: ಬದುವಿನಲ್ಲಿ ತಾನಾಗಿ ಮೊಳೆತ ಗಂಧದ ಸಸಿಯನ್ನು, ಅದು ಮರವಾಗಿ ಸರ್ಕಾರದ ಸ್ವತ್ತಾಗುವ, ಕಳವಾದರೆ ತಮ್ಮ ತಲೆಗೇ ಬರುವ ಭಯದಿಂದ, ಬೆರಳುದ್ದವಿರುವಾಗಲೇ ಕಿತ್ತೆಸೆಯುತ್ತಿದ್ದ ರೈತರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಳೆದವನಿಗೇ ಒಡೆತನ ಸಲ್ಲುವಂತೆ ಕಾನೂನು ತಿದ್ದಿದ್ದು 2001ರಲ್ಲಿ.

ಒಪ್ಪಂದದ ಜನ್ಮವೃತ್ತಾಂತವು ದೀರ್ಘವಾದುದೇನಲ್ಲ. ಚಿರತೆಯ ಚರ್ಮದ ಮೇಲಂಗಿ, ಮೊಸಳೆಯ ಚರ್ಮದ ಕೈಚೀಲ ಇವು ಪಾಶ್ಚಾತ್ಯ ನಗರಗಳಲ್ಲಿ ಶೃಂಗಾರವಾಗಿದ್ದ ಕಾಲದಲ್ಲಿ, ಹೊರಕ್ಕೆ ಕಳುಹುವ ದೇಶವು ಎಷ್ಟೇ ಕಟ್ಟುನಿಟ್ಟು ಮಾಡಿದರೂ ಒಳಕ್ಕೆ ತರಿಸಿಕೊಳ್ಳುವ ದೇಶವು ಕಣ್ಣುಮುಚ್ಚಿ ಕುಳಿತರೆ ಕಾಡು ಉಳಿಯಲಾರದೆಂಬುದನ್ನು ಮನಗಂಡು, ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟವು 1963ರಲ್ಲಿ ನೈರೋಬಿಯ ಸಭೆಯಲ್ಲಿ ಒಂದು ನಿರ್ಣಯವನ್ನು ಅಂಗೀಕರಿಸಿತು. ಆ ನಿರ್ಣಯವು ಕರಡಾಗಿ, ಕರಡು ತಿದ್ದುಪಡಿಗೊಂಡು, 80 ದೇಶಗಳ ಪ್ರತಿನಿಧಿಗಳು ವಾಷಿಂಗ್ಟನ್ನಿನಲ್ಲಿ ಕೂಡಿ ಒಪ್ಪಿಕೊಳ್ಳುವುದಕ್ಕೆ ಹತ್ತು ವರ್ಷ ಹಿಡಿಯಿತು. ರುಜು ಬಿದ್ದದ್ದು 1973ರ ಮಾರ್ಚ್ 3ರಂದು. ಜಾರಿಗೆ ಬಂದದ್ದು 1975ರ ಜುಲೈ 1ರಂದು. ಆ 1973 ನಮ್ಮ ಕಡೆಯವರಿಗೂ ಮರೆಯಲಾಗದ ವರ್ಷ: ಏಪ್ರಿಲ್‌ನಲ್ಲಿ ಹುಲಿ ಯೋಜನೆ ಆರಂಭವಾಗಿ, ಅದರ ಮೊದಲ ಒಂಬತ್ತು ಅಭಯಾರಣ್ಯಗಳಲ್ಲಿ ಬಂಡೀಪುರವೂ ಒಂದಾಯಿತು, ನವೆಂಬರ್‌ನಲ್ಲಿ ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ತಾಳಿತು. ಅದಕ್ಕೆ ಒಂದು ವರ್ಷ ಮೊದಲೇ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ರಚಿಸಿಕೊಂಡಿದ್ದ ಭಾರತವು 1976ರಲ್ಲಿ ಒಪ್ಪಂದವನ್ನು ಸ್ಥಿರೀಕರಿಸಿ ಅದರ 25ನೆಯ ಸದಸ್ಯವಾಯಿತು. 1981ರಲ್ಲಿ ಸದಸ್ಯರ ಮೂರನೆಯ ಮಹಾಸಭೆ ನಡೆದದ್ದು ನಮ್ಮ ದೆಹಲಿಯಲ್ಲಿಯೇ. ಇಂದು 184 ದೇಶಗಳೂ ಐರೋಪ್ಯ ಒಕ್ಕೂಟವೂ ಅದರೊಳಗೆ ಇವೆ. ಅದರ ಪಟ್ಟಿಗಳಲ್ಲಿ 40,000ಕ್ಕೂ ಮಿಕ್ಕ ಪ್ರಭೇದಗಳು ಸೇರಿವೆ. ಅವುಗಳಲ್ಲಿ ಬಹುಪಾಲು ಸಸ್ಯಗಳೆಂಬುದನ್ನು, ಹುಲಿ ಆನೆಗಳ ಚಿತ್ರವನ್ನಷ್ಟೇ ಕಂಡ ನಮ್ಮ ಜನ ನಂಬಲಾರರು.

ಪಟ್ಟಿಗಳು ಮೂರು, ಅನುಬಂಧಗಳೆಂದು ಅವುಗಳ ಹೆಸರು. ಮೊದಲನೆಯದರಲ್ಲಿ ಹುಲಿ, ಚಿರತೆ, ನಮ್ಮ ಆನೆ: ಇವುಗಳ ವಾಣಿಜ್ಯವೇ ಕೂಡದು, ಬೇರೆ ಕಾರಣಕ್ಕೆ ಸಾಗಿಸುವುದಾದರೂ ಕಳುಹುವವನ ಕಾಗದದೊಡನೆ ಪಡೆಯುವವನ ಕಾಗದವೂ ಬೇಕು. ಎರಡನೆಯದರಲ್ಲಿ, ಇಂದು ಅಳಿಯುತ್ತಿಲ್ಲವಾದರೂ ಹಿಡಿತವಿಲ್ಲದೆ ಮಾರಿದರೆ ನಾಳೆ ಅಳಿಯಬಹುದಾದವು: ಮಾರಬಹುದು, ರಹದಾರಿ ಇರಬೇಕು. ಮೂರನೆಯದು ಒಂದು ದೇಶವು ತನ್ನದೊಂದು ಜೀವಿಗಾಗಿ ಇತರರ ನೆರವನ್ನು ಕೋರುವ ಪಟ್ಟಿ; ನಮ್ಮ ಬೇಲಿಯ ಮುಂಗುಸಿ ಭಾರತದ ಕೋರಿಕೆಯಿಂದ ಅದರೊಳಗೆ ಸೇರಿದೆ. ಚಿತ್ರಗಾರರ ಕುಂಚಕ್ಕಾಗಿ ಅದರ ಕೂದಲಿಗೆ ಬೆಲೆ ಬಂದುದೇ ಆ ಬಡಪ್ರಾಣಿಗೆ ಮುಳುವಾಯಿತು.

ಇನ್ನು ದಂತದ ವಿಷಯ. ಇಲ್ಲಿ ಕೊಂಚ ನಿಲ್ಲಬೇಕಾಗಿದೆ, ಏಕೆಂದರೆ ಒಪ್ಪಂದವು ಮೈಸೂರಿನವರ ಅನ್ನವನ್ನು ಮುಟ್ಟಿದ್ದು ಇಲ್ಲಿಯೇ.

ಬೀಟೆಯಲ್ಲಿ ದಂತವನ್ನು ಕೂರಿಸುವ ಇನ್‌ಲೇ ಕೆಲಸಕ್ಕೆ ಮೈಸೂರಿಗಿದ್ದ ಕೀರ್ತಿ ಅರಮನೆಯ ಆಶ್ರಯದಿಂದ ಬೆಳೆದದ್ದು. 1912ರಲ್ಲಿ ಪೂರ್ಣಗೊಂಡ ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆಯ ಬಾಗಿಲನ್ನು ನೋಡಿದವರಿಗೂ, ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಡಾಲ್‌ಹೌಸಿ ಪ್ರಭು ಕೊಟ್ಟ ಬಾಗಿಲುಗಳನ್ನು ನೋಡಿದವರಿಗೂ ಈ ಕಲೆಯ ಎತ್ತರವನ್ನು ನಾನು ವರ್ಣಿಸಿ ಹೇಳಬೇಕಾಗಿಲ್ಲ. 1906ರಲ್ಲಿ ಶಂಕುಸ್ಥಾಪನೆಗೊಂಡ ಚಾಮರಾಜೇಂದ್ರ ತಾಂತ್ರಿಕ ವಿದ್ಯಾಲಯವು ಈ ಕಸುಬನ್ನು ಶಾಲೆಯ ಪಾಠವಾಗಿಯೂ ಕಲಿಸಿತು. ಮಂಡಿ ಮೊಹಲ್ಲಾದ ಮನೆಗಳಲ್ಲಿ ಮುಸ್ಲಿಂ ಕುಶಲಕರ್ಮಿಗಳು ಅದನ್ನು ತಂದೆಯಿಂದ ಮಗನಿಗೆ ಕೊಟ್ಟರು. ಕೆಲಸದ ಕ್ರಮವನ್ನು ನಾನು ಬಾಲ್ಯದಲ್ಲಿ ಅಪ್ಪನ ಕೈಹಿಡಿದು ಹೋಗಿ ಒಮ್ಮೆ ನೋಡಿದ್ದುಂಟು. ಕಾಗದದ ಮೇಲಿನ ಚಿತ್ರವನ್ನು ಸಣ್ಣ ಗರಗಸದಿಂದ ದಂತದ ಹಲ್ಲೆಯಲ್ಲಿ ಕೊಯ್ದು, ಅದೇ ಆಕಾರದ ಗುಳಿಯನ್ನು ಬೀಟೆಯಲ್ಲಿ ಉಳಿಯಿಂದ ತೋಡಿ, ಅಂಟು ಸವರಿ ಕೂರಿಸಿ, ಮಟ್ಟಸವಾಗಿ ಹೆರೆದು, ಕೊನೆಗೆ ಹೂವಿನ ನರ, ಹಕ್ಕಿಯ ಗರಿ ಇವುಗಳನ್ನು ಸೂಜಿಮೊನೆಯಂತಹ ಉಳಿಯಿಂದ ಗೀರಿ, ಆ ಗೀರುಗಳೊಳಗೆ ಕಪ್ಪು ತುಂಬುವರು. ನಾನು ಅಂದು ಕಂಡ ಮುದುಕನು ಗೀರುವಾಗ ಉಸಿರು ಹಿಡಿದಿದ್ದು, ಗೆರೆ ಮುಗಿದ ಮೇಲೆ ಬಿಡುತ್ತಿದ್ದ. ನಾನೂ ಅರಿಯದೆ ಅವನೊಡನೆ ಉಸಿರು ಹಿಡಿದಿದ್ದೆ.

ಆನೆಯೊಡನೆ ನಮ್ಮ ಸೀಮೆಯ ಸಂಬಂಧವು ಭಕ್ತಿ ಮತ್ತು ಬೇಟೆ ಎರಡೂ ಬೆರೆತದ್ದು. ಪಟ್ಟದ ಆನೆಯ ಕಣ್ಣು ಗುಣವಾಯಿತೆಂದು ಟಿಪ್ಪುವು ನಂಜನಗೂಡಿನ ಶ್ರೀಕಂಠೇಶ್ವರನನ್ನು ಹಕೀಂ ನಂಜುಂಡನೆಂದು ಕರೆದು ಪಚ್ಚೆಯ ಲಿಂಗವನ್ನೊಪ್ಪಿಸಿದ ಕಥೆ ಇಲ್ಲಿಯ ಮಕ್ಕಳಿಗೂ ಗೊತ್ತು. ಇತ್ತ ಚಾಮರಾಜನಗರದ ಬಳಿಯ ಕಾಡಿನಲ್ಲಿ ಸ್ಯಾಂಡರ್‌ಸನ್ ಸಾಹೇಬನು 1873-74ರಲ್ಲಿ ಆರಂಭಿಸಿದ ಖೆಡ್ಡಾವು ಕಾಕನಕೋಟೆಯಲ್ಲಿ ಮಹಾರಾಜರ ವೈಭವವಾಗಿ ಬೆಳೆದು 1971ರಲ್ಲಿ ಕೊನೆಯದಾಗಿ ನಡೆಯಿತು. ಖೆಡ್ಡಾ ಆನೆಯನ್ನು ಹಿಡಿಯುತ್ತಿತ್ತು, ದಂತಕ್ಕಾಗಿ ಕೊಲ್ಲುತ್ತಿರಲಿಲ್ಲ. ಕೊಲ್ಲುವವರು ಬೇರೆಯವರು, ಬಂದದ್ದು ಆಮೇಲೆ. ಏಷ್ಯಾದ ಆನೆಗಳಲ್ಲಿ ಉದ್ದ ದಂತ ಗಂಡಿಗೆ ಮಾತ್ರ. ಆದುದರಿಂದ ದಂತಚೋರನ ಕೋವಿ ಗಂಡನ್ನೇ ಆರಿಸಿ ಹೊಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರು 1980ರ ದಶಕದ ಆದಿಯಲ್ಲಿ ಚಾಮರಾಜನಗರ, ಸತ್ಯಮಂಗಲಗಳ ಕಾಡುಗಳಲ್ಲಿ ಅಲೆದು ಕಂಡುಕೊಂಡ ವಿಷಯಗಳಲ್ಲಿ ಇದೂ ಒಂದು: ಹಿಂಡು ಹಿಂಡಾಗಿ ಹೆಣ್ಣಾನೆಗಳಿದ್ದರೂ ಪ್ರಾಯದ ಗಂಡುಗಳು ವಿರಳವಾಗುತ್ತಿದ್ದವು. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡಿನಲ್ಲಿ ದಂತದಿಂದ ಆರಂಭಿಸಿ ಗಂಧಕ್ಕೆ ಕೈಯಿಟ್ಟ ವೀರಪ್ಪನ್ ಹೆಸರನ್ನು ಬರೆಯದಿದ್ದರೂ ಓದುವವರ ಮನಸ್ಸಿಗೆ ಅದು ಬಂದೇ ಬರುತ್ತದೆ. ಅವನನ್ನು ಮನ ಒಲಿಸಿ ಶರಣಾಗಿಸಬಹುದೆಂದು ನಂಬಿ ಹೋದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರ್‌ನಲ್ಲಿ ಹತರಾದರು.

ಕಾನೂನಿನ ಬಾಗಿಲು ಒಂದೇ ಸಲ ಮುಚ್ಚಲಿಲ್ಲ. 1977ರಲ್ಲಿ ಭಾರತದ ಆನೆಯು ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಗೆ ಏರಿತು. 1986ರ ತಿದ್ದುಪಡಿ ಅದರ ದಂತದ ವ್ಯಾಪಾರವನ್ನು ನಿಲ್ಲಿಸಿತು. ಆದರೆ ಆಫ್ರಿಕದಿಂದ ತರಿಸಿದ ದಂತವು ಮಾರುಕಟ್ಟೆಯಲ್ಲಿ ನಡೆಯುತ್ತಿತ್ತು. ಒಂದು ಹಲ್ಲೆಯನ್ನು ಕೈಯಲ್ಲಿ ಹಿಡಿದು ಇದು ಕೀನ್ಯಾದ್ದೋ ಕೊಳ್ಳೇಗಾಲದ್ದೋ ಎಂದು ಹೇಳಬಲ್ಲ ಪೇದೆ ಯಾವ ಠಾಣೆಯಲ್ಲಿದ್ದಾನು? ಆ ಕಾಲಕ್ಕೆ ಆಫ್ರಿಕದಲ್ಲಿಯೇ ಆನೆಗಳ ಸಂಖ್ಯೆ ಹತ್ತು ವರ್ಷದಲ್ಲಿ ಸುಮಾರು 13 ಲಕ್ಷದಿಂದ 6 ಲಕ್ಷದ ಆಸುಪಾಸಿಗೆ ಇಳಿದಿತ್ತು. 1989ರ ಜುಲೈನಲ್ಲಿ ಕೀನ್ಯಾ ದೇಶವು ತನ್ನ ಬಳಿಯಿದ್ದ 12 ಟನ್ ದಂತವನ್ನು ರಾಶಿ ಹಾಕಿ ಸುಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಲೋಸಾನ್ ನಗರದಲ್ಲಿ ಕೂಡಿದ ಮಹಾಸಭೆಯು ಆಫ್ರಿಕದ ಆನೆಯನ್ನೂ ಮೊದಲನೆಯ ಅನುಬಂಧಕ್ಕೆ ಸೇರಿಸಿತು. ಅದರ ಬೆನ್ನಲ್ಲಿ ಬಂದ 1991ರ ತಿದ್ದುಪಡಿಯಿಂದ ಭಾರತದಲ್ಲಿ ಆಮದಾದ ದಂತದ ವ್ಯಾಪಾರವೂ ನಿಂತುಹೋಯಿತು. ವರ್ತಕರು ನ್ಯಾಯಾಲಯಕ್ಕೆ ಹೋದರು. ದೆಹಲಿಯ ಉಚ್ಚ ನ್ಯಾಯಾಲಯ 1997ರಲ್ಲಿ, ಸರ್ವೋಚ್ಚ ನ್ಯಾಯಾಲಯ 2003ರಲ್ಲಿ, ಕಾನೂನನ್ನೇ ಎತ್ತಿಹಿಡಿದವು.

ತೀರ್ಪು ಸರಿಯೆಂದೇ ನನ್ನ ಮತ. ಆದರೂ ಆ ತೀರ್ಪಿನ ಪುಟಗಳಲ್ಲಿ ವರ್ತಕನಿಗೆ ದೊರೆತ ಸ್ಥಾನ, ಉಸಿರು ಹಿಡಿದು ಗೀರುತ್ತಿದ್ದ ಮುದುಕನಿಗೆ ದೊರೆಯಲಿಲ್ಲ. ಅವನ ಮಕ್ಕಳು ದಂತದ ಜಾಗಕ್ಕೆ ಮೊದಲು ಪ್ಲಾಸ್ಟಿಕ್ಕಿನ ಬಿಳಿಯ ಹಲ್ಲೆಯನ್ನು ತಂದರು. ಅದರ ಮಂಕು ಬಿಳುಪನ್ನು ನೋಡಿದರೆ ಈಗಲೂ ನನಗೆ ಸಂಕಟವಾಗುತ್ತದೆ. ಬಳಿಕ ಅವರೇ ಮರಕ್ಕೆ ಮರವನ್ನೇ ಕೂರಿಸುವ ದಾರಿಯನ್ನು ಹಿಡಿದು, ಹಲಸಿನ ಹಳದಿ, ಸಂಪಿಗೆಯ ತಿಳಿಗಂದು, ಮಾವಿನ ಮಾಸಲು ಇವುಗಳಿಂದ ಆಕಾಶವನ್ನೂ ತೊರೆಯನ್ನೂ ಆನೆಯನ್ನೂ ಬಿಡಿಸತೊಡಗಿದರು. ಮೈಸೂರು ಬೀಟೆಯ ಇನ್‌ಲೇಗೆ ಈಗ ಭೌಗೋಳಿಕ ಸೂಚ್ಯಂಕದ ಮನ್ನಣೆ ಇರುವುದು ಈ ಎರಡನೆಯ ಹುಟ್ಟಿನಿಂದ ಬದುಕಿದ ಕಲೆಗೆ.

ಒಪ್ಪಂದವು ದಂತದ ವಿಷಯದಲ್ಲಿ ಒಂದೇ ಮಾತಿನ ಮೇಲೆ ನಿಂತಿತೆನ್ನುವಂತಿಲ್ಲ. 1997ರಲ್ಲಿ ಹರಾರೆಯ ಸಭೆಯು ದಕ್ಷಿಣ ಆಫ್ರಿಕದ ಮೂರು ದೇಶಗಳ ಆನೆಗಳನ್ನು ಎರಡನೆಯ ಅನುಬಂಧಕ್ಕೆ ಇಳಿಸಿ, 1999ರಲ್ಲಿ ಸುಮಾರು 50 ಟನ್ ದಂತ ಜಪಾನಿಗೆ ಹೋಗಲು ಎಡೆಗೊಟ್ಟಿತು. 2008ರಲ್ಲಿ ಚೀನಾ ಜಪಾನುಗಳಿಗೆ ಇನ್ನೊಮ್ಮೆ ಮಾರಾಟ ನಡೆಯಿತು. ಬಾಗಿಲನ್ನು ಅಷ್ಟಿಷ್ಟು ತೆರೆದರೆ ಕಳ್ಳನ ಮಾಲೂ ಒಳ್ಳೆಯ ಮಾಲಿನ ಮರೆಯಲ್ಲಿ ನುಸುಳುವುದೆಂದು ವಾದಿಸಿದವರ ಪಕ್ಷ ನನ್ನದು. ಆದರೆ ಅದೇ ಹರಾರೆಯ ವಾದವಿವಾದದಿಂದ ಒಂದು ಉಪಕಾರವೂ ಆಯಿತು: ಎಲ್ಲಿ ಎಷ್ಟು ಆನೆ ಸತ್ತವು, ಅವುಗಳಲ್ಲಿ ಕೊಲೆಯಾದವೆಷ್ಟು ಎಂಬ ಲೆಕ್ಕವನ್ನು ಆಯ್ದ ಕಾಡುಗಳಲ್ಲಿ ಒಂದೇ ಕ್ರಮದಿಂದ ಇಡುವ ಪದ್ಧತಿ ಹುಟ್ಟಿಕೊಂಡಿತು. ಮೈಸೂರು ಆನೆ ಮೀಸಲು ಆ ಕಾಡುಗಳಲ್ಲಿ ಒಂದು. ಬಂಡೀಪುರದ ಗಸ್ತಿನ ಕಾವಲುಗಾರ ಸತ್ತ ಆನೆಯ ಬಳಿ ಮೂಗು ಮುಚ್ಚಿಕೊಂಡು ನಿಂತು ಬರೆದ ಸಾಲು ಜಿನೀವಾದ ಪಟ್ಟಿಯಲ್ಲಿ ಒಂದು ಅಂಕೆಯಾಗುತ್ತದೆ.

ದಂತ ಹೋಗಿ ಬೀಟೆಯೊಂದೇ ಉಳಿಯಿತೆನ್ನುವಾಗ ಬೀಟೆಯ ಸರದಿ ಬಂತು. ಬೀಟೆಯ ಕುಲದ ಮರಗಳು ಜಗತ್ತಿನಲ್ಲಿ ಅನೇಕ. ಅವುಗಳ ಮೇಲಿನ ಹಸಿವು ಹೆಚ್ಚಾಗಿ ಚೀನಾದ ಪೀಠೋಪಕರಣದ ಮಾರುಕಟ್ಟೆಯಲ್ಲಿ. ಕೊಯ್ದ ಹಲಗೆಯನ್ನು ನೋಡಿ ಇದು ಯಾವ ಜಾತಿಯದೆಂದು ಸುಂಕದ ಕಟ್ಟೆಯಲ್ಲಿ ತಿಳಿಯಲಾಗದೆಂಬ ಕಾರಣದಿಂದ, 2016ರಲ್ಲಿ ಜೊಹಾನ್ಸ್‌ಬರ್ಗ್‌ನ ಮಹಾಸಭೆಯು ಇಡೀ ಕುಲವನ್ನೇ ಎರಡನೆಯ ಅನುಬಂಧಕ್ಕೆ ಸೇರಿಸಿಬಿಟ್ಟಿತು. 2017ರ ಜನವರಿ 2ರಿಂದ ಅದು ನಡೆಯಿತು. ಉತ್ತರದಲ್ಲಿ ಹೊಲದ ಬದುವಿನಲ್ಲಿ ಬೆಳೆಯುವ ಶೀಶಮ್ ಸಹ ಇದೇ ಕುಲದ್ದು. ಅದನ್ನು ಪಟ್ಟಿಯಿಂದ ಬಿಡಬೇಕೆಂದು ಭಾರತವೂ ನೆರೆಯ ದೇಶಗಳೂ 2019ರಲ್ಲಿ ಜಿನೀವಾದಲ್ಲಿ ಮಂಡಿಸಿದ ವಾದಕ್ಕೆ ಮನ್ನಣೆ ಸಿಗಲಿಲ್ಲ. ಕೊನೆಗೆ 2022ರ ನವೆಂಬರ್‌ನಲ್ಲಿ ಪನಾಮಾದ ಸಭೆಯಲ್ಲಿ ದೊರೆತದ್ದು ಒಂದು ಅರ್ಥವಿವರಣೆ ಮಾತ್ರ: ರಹದಾರಿಯಿಲ್ಲದೆ ಸಾಗಿಸಬಹುದಾದ ಹತ್ತು ಕಿಲೋ ಎಂಬ ಮಿತಿಯನ್ನು ಇಡೀ ಸರಕಿಗಲ್ಲ, ಒಂದೊಂದು ವಸ್ತುವಿಗೆ ಬೇರೆ ಬೇರೆಯಾಗಿ, ಅದೂ ಮರದ ತೂಕವನ್ನಷ್ಟೇ ಹಿಡಿದು ಲೆಕ್ಕಿಸಬೇಕು. ಶಬ್ದಾರ್ಥದ ಇಷ್ಟು ಸಣ್ಣ ತಿದ್ದುಪಡಿಗಾಗಿ ಕುಶಲಕರ್ಮಿಗಳು ಕಾದದ್ದು ಆರು ವರ್ಷ. ಮೀಮಾಂಸಕರ ಕೈಗೆ ಈ ಒಪ್ಪಂದವನ್ನು ಕೊಟ್ಟಿದ್ದರೆ ಅವರು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದರೆಂದು ನನಗೆ ಅನೇಕ ಸಲ ಅನಿಸಿದೆ.

2019ರ ಅದೇ ಜಿನೀವಾ ಸಭೆಯಲ್ಲಿ ನಮ್ಮೂರಿಗೆ ಇನ್ನೂ ಸಮೀಪದ ಒಂದು ವಿಷಯ ಸದ್ದಿಲ್ಲದೆ ನಡೆಯಿತು. ಕಾವೇರಿಯ ನೀರುನಾಯಿ ಎರಡನೆಯ ಅನುಬಂಧದಿಂದ ಮೊದಲನೆಯದಕ್ಕೆ ಏರಿತು. ತಿರುಮಕೂಡಲಿನಲ್ಲಿ ಕಪಿಲೆಯು ಕಾವೇರಿಯನ್ನು ಸೇರುವ ಎಡೆಗೆ ಜನ ಹೋಗುವುದು ಗುಂಜಾನರಸಿಂಹನ ದರ್ಶನಕ್ಕೆ, ಮೂರು ವರ್ಷಕ್ಕೊಮ್ಮೆ ಕುಂಭಮೇಳದ ಸ್ನಾನಕ್ಕೆ. ಆದರೆ ಬೆಳಗಿನ ಹೊತ್ತು ಬಂಡೆಯ ಮೇಲೆ ಸುಮ್ಮನೆ ಕುಳಿತು ನೋಡುವ ವ್ಯವಧಾನವಿದ್ದವನಿಗೆ, ಹೊಳೆಯ ಯಾವುದಾದರೊಂದು ನಿರ್ಜನ ಮಡುವಿನಲ್ಲಿ ನಾಲ್ಕೈದು ನುಣುಪಾದ ತಲೆಗಳು ನೀರನ್ನು ಸೀಳುತ್ತ ಮೀನನ್ನು ಒಂದೆಡೆಗೆ ಅಟ್ಟುವ ನೋಟವು ಈಗಲೂ ಒದಗಬಹುದು. ಬಲೆ ಹರಿಯುವ ಈ ಪ್ರಾಣಿಯ ಮೇಲೆ ಬೆಸ್ತರಿಗೆ ಸಿಟ್ಟು. ಅದರ ಒತ್ತಾದ ತುಪ್ಪಳದ ಮೇಲೆ ದೂರದ ವರ್ತಕರಿಗೆ ಆಸೆ. ಎರಡರ ನಡುವೆ ಅದು ಸಿಕ್ಕಿಕೊಂಡಿದೆ.

ಚಿರತೆಯ ವಿಷಯಕ್ಕೆ ಬಂದರೆ ನಾನು ಎಚ್ಚರಿಕೆಯಿಂದ ಮಾತನಾಡಬೇಕು. 2022ರ ಅಕ್ಟೋಬರ್‌ನಿಂದ 2023ರ ಜನವರಿಯ ಒಳಗೆ ನಮ್ಮ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಯ ಬಾಯಿಗೆ ಸಿಕ್ಕಿ ಸತ್ತರು. ಆ ದಿನಗಳಲ್ಲಿ ಕಬ್ಬಿನ ಗದ್ದೆಗೆ ಒಬ್ಬೊಬ್ಬರೇ ಹೋಗುವವರಿರಲಿಲ್ಲ. ಕತ್ತಲಾದರೆ ಬಾಗಿಲಿಗೆ ಅಗಳಿ. ಅಂಥವರ ಮುಂದೆ ನಿಂತು ಈ ಮೃಗವು ಒಂದನೆಯ ಅನುಬಂಧದ್ದು, ಅದರ ಚರ್ಮಕ್ಕಾಗಿ ಜಗತ್ತು ವಾಷಿಂಗ್ಟನ್ನಿನಲ್ಲಿ ಸಭೆ ಸೇರಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ. ವ್ಯಾಪಾರವನ್ನು ತಡೆಯುವ ಒಪ್ಪಂದವು ಭಯವನ್ನು ತಡೆಯಲಾರದು. ಅದು ಅದರ ಕೆಲಸವೂ ಅಲ್ಲ.

ಕಾಗದದ ಮಾತನ್ನು ಮುಗಿಸಿಬಿಡುತ್ತೇನೆ. ಅಂಗೀಕರಿಸಿ 46 ವರ್ಷಗಳಾದ ಮೇಲೆ, 2022ರ ತಿದ್ದುಪಡಿಯಿಂದ ಈ ಒಪ್ಪಂದದ ಪಟ್ಟಿಗಳು ನಮ್ಮ ವನ್ಯಜೀವಿ ಕಾಯಿದೆಯೊಳಗೇ ಒಂದು ಅನುಸೂಚಿಯಾಗಿ ಸೇರಿದವು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಅಷ್ಟುಕಾಲವೂ ಸುಂಕದ ಕಾನೂನು, ವಿದೇಶ ವ್ಯಾಪಾರದ ನೀತಿ ಇವುಗಳ ಆಸರೆಯಿಂದಲೇ ಕೆಲಸ ನಡೆದಿತ್ತು. ರಹದಾರಿಯೆಂಬುದು ತಡೆಯುವುದಕ್ಕೆ ಮಾತ್ರವಲ್ಲ, ದಾಟಿಸುವುದಕ್ಕೂ ಇದೆಯೆಂಬುದಕ್ಕೆ ನಿದರ್ಶನ ಬೇಕಾದವರು 1892ರಲ್ಲಿ ಸ್ಥಾಪಿತವಾದ ಮೈಸೂರಿನ ಮೃಗಾಲಯಕ್ಕೆ ಹೋಗಬೇಕು. ಡಬ್ಲಿನ್ನಿನಿಂದ 1995ರಲ್ಲಿ ಬಂದ ಪೋಲೋ ಎಂಬ ಗೊರಿಲ್ಲಾ 2014ರವರೆಗೆ ಅಲ್ಲಿ ಏಕಾಕಿಯಾಗಿ ಬಾಳಿತು. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬ ಎಂಬೆರಡು ಬಂದವು. ಒಂದನೆಯ ಅನುಬಂಧದ ಜೀವಿಗಳಾದುದರಿಂದ ಅವು ಎರಡು ದೇಶಗಳ ಕಾಗದ ಹೊತ್ತು ಬಂದ ಪ್ರಯಾಣಿಕರು.

ನನ್ನ ಅಜ್ಜಿಯ ಪೆಟ್ಟಿಗೆಗೂ ಒಂದು ಕಾಗದವುಂಟು. 2003ರಲ್ಲಿ, ಮನೆಯಲ್ಲಿರುವ ವನ್ಯಜೀವಿ ವಸ್ತುಗಳನ್ನು 180 ದಿನಗಳೊಳಗೆ ಘೋಷಿಸಬೇಕೆಂದು ಸರ್ಕಾರ ಅವಕಾಶ ಕೊಟ್ಟಾಗ, ನನ್ನ ಅಣ್ಣನು ಪತ್ರಿಕೆಯಲ್ಲಿ ಓದಿ, ಊರಿನವರು ನಕ್ಕರೂ ಬಿಡದೆ, ಎಂಟು ದಳದಲ್ಲಿ ಒಂದು ಇಲ್ಲವೆಂಬುದನ್ನೂ ನಮೂದಿಸಿ ಅರ್ಜಿ ತುಂಬಿದ್ದ. ಅವನು ತೀರಿಕೊಂಡ ಮೇಲೆ 90 ದಿನಗಳೊಳಗೆ ನಾನೂ ಅರ್ಜಿ ಕೊಡಬೇಕಾಯಿತು. ಉತ್ತರಾಧಿಕಾರದಿಂದ ಅದು ಕೈಯಿಂದ ಕೈಗೆ ಬರಬಹುದು. ಮಾರುವಂತಿಲ್ಲ, ದೇಶದಿಂದ ಹೊರಕ್ಕೆ ಒಯ್ಯುವಂತಿಲ್ಲ.

ಇದೆಲ್ಲ ಕೇಳಿದ ಮೇಲೆ ಹುಡುಗ ಮಾರನೆಯ ದಿನ ಮೈಸೂರಿಗೆ ಹೋಗಿ ಬೀಟೆಯ ಒಂದು ಹೊಸ ಪೆಟ್ಟಿಗೆಯನ್ನು ಕೊಂಡು ತಂದ. ಮುಚ್ಚಳದ ಮೇಲೆ ತಾವರೆಯೇ, ಹಲಸಿನ ಮರದ್ದು. “ಇದಕ್ಕೂ ರಹದಾರಿ ಬೇಕಾ ದೊಡ್ಡಪ್ಪ?” ಎಂದ, ಕೊಂಚ ಹಾಸ್ಯದಿಂದ. ಬೀದಿಯ ತುದಿಯ ಅಂಗಡಿಗೆ ಇಬ್ಬರೂ ಹೋಗಿ ಬೆಲ್ಲ ತೂಗುವ ತಕ್ಕಡಿಯಲ್ಲಿ ಅದನ್ನು ಇಟ್ಟೆವು. ಒಂದು ಕಿಲೋ ನೂರು ಗ್ರಾಂ ಬಂತು. ಅಂಗಡಿಯವನು, “ಏನ್ ಸ್ವಾಮಿ, ಪೆಟ್ಗೇನೂ ತೂಕಕ್ಕೆ ಮಾರ್ತಾರಾ ಈಗ?” ಎಂದು ಕೇಳಿದ. ಹೊರಡುವ ದಿನ ನನ್ನ ತಮ್ಮನ ಮಗ ಹಳೆಯ ಪೆಟ್ಟಿಗೆಯ ಮೂಲೆಯಿಂದ ಒಂದು ಚಿಟಿಕೆ ಕುಂಕುಮವನ್ನು ಉಗುರಿನಿಂದ ಕೆರೆದು ಹೊಸದರೊಳಕ್ಕೆ ಹಾಕಿಕೊಂಡ. ನಾನು ಅಣ್ಣನ ಕಾಗದವನ್ನೂ ನನ್ನ ಕಾಗದವನ್ನೂ ಒಟ್ಟಿಗೆ ಮಡಿಸಿ ಹಳೆಯದರೊಳಗಿಟ್ಟು ಮುಚ್ಚಳ ಹಾಕಿದೆನು.